ಸಿಸ್ಟಂ ಅಪ್‌ಡೇಟ್ ಆಗ್ತಿದೆ, ನಾಳೆ ಬನ್ನಿ

ನಮ್ಮ ಭಾವನಿಗೆ ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿ ಹಬ್ಬಿಸಿದವರು ಯಾರು ಎಂದು ಹುಡುಕಿಕೊಂಡು ಹೋದರೆ ಕೊನೆಗೆ ಸಿಗುವುದು ಭಾವನೇ. ಬೇರೆ ಯಾರ ಬಾಯಲ್ಲೂ ಆ ಮಾತನ್ನು ನಾನು ಕೇಳಿಲ್ಲ. ಅವರು ಗುಮಾಸ್ತರಾಗಿದ್ದ ಪಿಂಚಣಿ ಕಚೇರಿಗೆ ಮೊದಲ ಕಂಪ್ಯೂಟರ್ ಬಂದ ದಿನ ಅವರು ಜ್ವರವೆಂದು ರಜೆ ಹಾಕಿ ಮನೆಯಲ್ಲಿ ಹೊದ್ದು ಮಲಗಿದ್ದರು. ಬಂದ ಡಬ್ಬವನ್ನು ಯಾರ ಮೇಜಿನ ಮೇಲೆ ಇಡಬೇಕು ಎಂದು ಕೇಳಿದಾಗ ಅಲ್ಲಿದ್ದವರೆಲ್ಲ ತಮ್ಮ ತಮ್ಮ ಮೇಜಿಗೆ ಮೊಣಕೈ ಊರಿ ಕಾವಲು ಕೂತರಂತೆ. ಬರದೇ ಇದ್ದವರ ಮೇಜಿಗೆ ಕಾವಲಿರಲಿಲ್ಲ, ಡಬ್ಬ ಅಲ್ಲಿಗೆ ಬಂದು ಕೂತಿತು. ಹೀಗೆ ಒಂದು ಜ್ವರದ ಪುಣ್ಯದಿಂದ ಭಾವ ಕಚೇರಿಯ ಕಂಪ್ಯೂಟರ್ ಪಂಡಿತರಾದರು. ಜೊತೆಯವರು ಗೇಲಿಗೆಂದು 'ಸಿಸ್ಟಂ' ಎಂದು ಕರೆದರು. ಅವರು ಅದನ್ನು ಬಿರುದೆಂದು ತಿಳಿದು ಎದೆ ಮುಂದೆ ಮಾಡಿಕೊಂಡು ಓಡಾಡಿದರು. ನಾನಿಲ್ಲಿ ಅವರಿಗೆ ಬಹುವಚನ ಕೊಡುತ್ತಿರುವುದು ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ.

ಆ ಡಬ್ಬದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಹಾಕುವುದು, ಆರಿಸುವುದು, ಮತ್ತೆ ಅದು ಏನಾದರೂ ಕೇಳಿದರೆ 'ಎಸ್' ಒತ್ತುವುದು. ಏನು ಕೇಳುತ್ತಿದೆ ಎಂದು ಓದುವ ಅಭ್ಯಾಸ ಅವರಿಗಿರಲಿಲ್ಲ. ಒಂದು ಬೆಳಿಗ್ಗೆ ಹೀಗೆ ಏನಕ್ಕೋ 'ಎಸ್' ಕೊಟ್ಟರು. ಪರದೆ ನೀಲಿಯಾಯಿತು, ನಡುವೆ ಚುಕ್ಕಿಗಳ ಒಂದು ಚಕ್ರ ತಿರುಗತೊಡಗಿತು, ಅಪ್‌ಡೇಟ್ ನಡೆಯುತ್ತಿದೆ, ಆರಿಸಬೇಡಿ ಎಂದು ಬಂತು. ಕೌಂಟರಿನ ಆಚೆ ಸಾಲು ಬಾಗಿಲು ದಾಟಿ ಮೆಟ್ಟಿಲವರೆಗೂ ಇತ್ತು. ಕೋಲೂರಿ ನಿಂತ ಮುದುಕರು, ಗಂಡನ ಫೋಟೋ ಕೈಯಲ್ಲಿ ಹಿಡಿದ ಹೆಂಗಸರು, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಬಂದ ನರ್ಸು, ಎಲ್ಲರೂ ಕಾಯುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಬೆವರು ಕಿತ್ತು ಬರುತ್ತಿತ್ತು. ಭಾವ ನಿಧಾನವಾಗಿ ಎದ್ದು ನಿಂತು, "ಸಿಸ್ಟಂ ಅಪ್‌ಡೇಟ್ ಆಗ್ತಿದೆ, ನಾಳೆ ಬನ್ನಿ" ಎಂದರು. ಸಾಲು ಕರಗಿತು.

ಇಷ್ಟು ದಿನ ಗುಮಾಸ್ತ ನಾಳೆ ಬನ್ನಿ ಎಂದರೆ ಜನ ಬಾಯಿಗೆ ಬಂದಂತೆ ಬಯ್ಯುತ್ತಿದ್ದರು, ಮೇಲಿನವರ ಹತ್ತಿರ ಹೋಗುತ್ತಿದ್ದರು. ಈಗ ಬಯ್ಯೋಣವೆಂದರೆ ಎದುರಿಗೆ ಮನುಷ್ಯನೇ ಇಲ್ಲ, ಚಕ್ರ ಇದೆ. ಚಕ್ರದ ಹತ್ತಿರ ಜಗಳ ಆಡುವುದು ಹೇಗೆ? ಭಾವನಿಗೆ ಆ ರುಚಿ ಹತ್ತಿಬಿಟ್ಟಿತು. ಮುಂದೆ ಬೇರೆ ಕಚೇರಿಗಳವರೆಲ್ಲ ಅಪ್‌ಡೇಟನ್ನು ಕೌಂಟರ್ ಮುಚ್ಚಿದ ಮೇಲೆ ಹಾಕಿಕೊಂಡರೆ ಇವರು ಕೌಂಟರ್ ತೆರೆದ ಕೂಡಲೇ ಹಾಕುತ್ತಿದ್ದರು. ಹಾಕಿ, ಕುರ್ಚಿಗೆ ಒರಗಿ, ಹೊಟ್ಟೆಯ ಮೇಲೆ ಎರಡೂ ಕೈ ಹೆಣೆದು, ಪರ್ಸೆಂಟ್ ಏರುವುದನ್ನು ನೋಡುತ್ತ ಕೂರುವುದು. ಹುಲ್ಲುಕಡ್ಡಿಯನ್ನು ಆಚೆಯಿಂದ ಈಚೆಗೆ ಎತ್ತಿಡದ ಮನುಷ್ಯನಿಗೆ, ತಾನೇ ಆಗುತ್ತಿರುವ ಕೆಲಸವನ್ನು ಕೂತು ನೋಡುವುದಕ್ಕಿಂತ ಹಿತವಾದದ್ದು ಬೇರೆ ಏನಿದ್ದೀತು!

ಕಂಪ್ಯೂಟರೋ ವರ್ಷದಿಂದ ವರ್ಷಕ್ಕೆ ಮುದಿಯಾಗುತ್ತಿತ್ತು. ಅಪ್‌ಡೇಟ್‌ಗಳು ಮಾತ್ರ ಹೊಸ ಹೊಸ ಕಂಪ್ಯೂಟರುಗಳ ಅಳತೆಗೆ ಹೊಲಿದುಕೊಂಡು ಬರುತ್ತಿದ್ದವು. ಪ್ರತಿ ಸಲವೂ ಅದರ ಬೆನ್ನ ಮೇಲೆ ಇನ್ನೊಂದು ಮೂಟೆ. ಕೊನೆಕೊನೆಗೆ ಒಂದು ಅಕ್ಷರ ಒತ್ತಿ, ಕಿವಿ ತುರಿಸಿಕೊಂಡು, ಆಕಳಿಸಿ, ತಿರುಗಿ ನೋಡಿದರೆ ಆಗ ಆ ಅಕ್ಷರ ಪರದೆಯ ಮೇಲೆ ಮೂಡುತ್ತಿತ್ತಂತೆ. ಯಾರಾದರೂ ಸ್ಲೋ ಆಗಿದೆ ಎಂದರೆ ಭಾವನಿಗೆ ಸಿಟ್ಟು. "ಸ್ಲೋ ಅಲ್ಲರೀ ಅದು, ಯೋಚನೆ ಮಾಡ್ತಿದೆ" ಎನ್ನುತ್ತಿದ್ದರು. ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ಊಟಕ್ಕೆ ಕೂತಾಗ ಅವರೇ ಹೇಳಿಕೊಂಡು ಬೆನ್ನು ತಟ್ಟಿಕೊಳ್ಳುತ್ತಿದ್ದರು. ಇವತ್ತು ಹೇಗೆ ಎಲ್ಲರನ್ನೂ ವಾಪಸ್ ಕಳಿಸಿದೆ ಎಂದು ತುತ್ತು ನುಂಗುತ್ತ ನಗುತ್ತಿದ್ದ ಆ ಮುಖ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಕ್ಕ ಆ ಮಾತುಗಳನ್ನು ಕೇಳುತ್ತ ಸುಮ್ಮನೆ ಬಡಿಸುತ್ತಿದ್ದಳು. ಕೇಳಿದ್ದು ಅವಳ ತಲೆಯಲ್ಲಿ ಉಳಿಯುತ್ತಿತ್ತು ಎಂದು ಆಮೇಲೆ ಗೊತ್ತಾಯಿತು.

ಅಕ್ಕನದು ಕಂಪ್ಯೂಟರ್ ಎಂಬ್ರಾಯಿಡರಿ ಅಂಗಡಿ. ನನ್ನದು ಪಕ್ಕದಲ್ಲೇ, ಬೀಗ ರಿಪೇರಿ, ಡೂಪ್ಲಿಕೇಟ್ ಕೀಲಿ. ನಡುವೆ ಇರುವುದು ಪ್ಲೈವುಡ್ಡಿನ ಒಂದು ತಡಿಕೆ ಅಷ್ಟೇ, ಹಾಗಾಗಿ ಅವಳ ಮಷೀನಿನ ಟಕಟಕ ಕೇಳಿಕೊಂಡೇ ನಾನು ಕೀಲಿ ಅರೆಯುವುದು. ಟಕಟಕ ನಿಂತರೆ ದಾರ ತುಂಡಾಗಿದೆ ಎಂದರ್ಥ. ನಾನು ತಲೆ ಎತ್ತುವಷ್ಟರಲ್ಲಿ ಅವಳು ಸೂಜಿಗೆ ಪೋಣಿಸಿ ಮತ್ತೆ ಶುರು ಮಾಡಿರುತ್ತಿದ್ದಳು. ಮಷೀನನ್ನೂ ಅದರ ಕಂಪ್ಯೂಟರನ್ನೂ ಅವಳು ಒಟ್ಟಿಗೇ ಹಳೆಯದಾಗಿ ಕೊಂಡಿದ್ದಳು. ಕಂಪ್ಯೂಟರಿನಲ್ಲಿ ಡಿಸೈನು ಬರೆಯುವ ಒಂದು ಪ್ರೋಗ್ರಾಂ ಇತ್ತು. ಎಲೆ ಎಲ್ಲಿ ಬಾಗಬೇಕು, ಹೊಲಿಗೆ ಯಾವ ದಿಕ್ಕಿಗೆ ಓಡಬೇಕು, ಬಣ್ಣ ಎಲ್ಲಿ ಬದಲಾಗಬೇಕು ಎಂದು ಅದರಲ್ಲಿ ಕೂತು ಬರೆದು, ಒಂದು ದಪ್ಪ ಕೇಬಲ್ಲಿನಲ್ಲಿ ಮಷೀನಿಗೆ ಕಳಿಸುವುದು. ಕಂಪ್ಯೂಟರ್ ಕಳಿಸದಿದ್ದರೆ ಮಷೀನು ಒಂದು ಹೊಲಿಗೆಯನ್ನೂ ಹಾಕದು.

ಸ್ಕೂಲಿನ ಬ್ಯಾಡ್ಜು, ಆಟದ ತಂಡಗಳ ಅಂಗಿ, ಹೋಟೆಲಿನವರ ಟವೆಲ್ಲು, ಏನು ಬಂದರೂ ಮಾಡುತ್ತಿದ್ದಳು. ಅವಳ ಹೆಮ್ಮೆ ಮಾತ್ರ ಆಸ್ಪತ್ರೆಯ ಕೋಟುಗಳು. ನರ್ಸುಗಳ ಬಿಳಿ ಕೋಟಿನ ಜೇಬಿನ ಮೇಲೆ ಹೆಸರು ಹಾಕುವ ಕೆಲಸ. ಪ್ರೋಗ್ರಾಮಿನ ಜೊತೆ ಬಂದ ಅಕ್ಷರಗಳು ಅವಳಿಗೆ ಹಿಡಿಸಲಿಲ್ಲ. "ಇದು ನಿಂತವರು ಓದೋ ಅಕ್ಷರ ಕಣೋ. ಹಾಸಿಗೇಲಿ ಮಲಗಿರೋರು ಕೆಳಗಿಂದ ಓದ್ಬೇಕು" ಎಂದು ಒಂದೊಂದೇ ಅಕ್ಷರವನ್ನು ತಾನೇ ಬರೆದಳು, ದುಂಡಗೆ, ಬಿಡಿಬಿಡಿಯಾಗಿ, ಹೊಟ್ಟೆ ಸ್ವಲ್ಪ ಅಗಲ ಮಾಡಿ. ಎದುರು ಸಾಲಿನಲ್ಲಿ ಹೊಸ ಎಂಬ್ರಾಯಿಡರಿ ಅಂಗಡಿ ಗಾಜಿನ ಬಾಗಿಲು ಹಾಕಿಕೊಂಡು ಬಂದ ಮೇಲೂ ಆಸ್ಪತ್ರೆಯ ಮೇಟ್ರನ್ ಅಕ್ಕನ ಹತ್ತಿರವೇ ಬರುತ್ತಿದ್ದುದು ಆ ಅಕ್ಷರಕ್ಕಾಗಿ. ಮನೆ ಭಾವನ ಹೆಸರಿನಲ್ಲಿತ್ತು, ಮನೆಯಲ್ಲಿ ಏನು ತರಬೇಕು, ಏನು ಬಿಡಬೇಕು ಎಂಬುದೂ ಭಾವನ ಮಾತೇ. ಅಕ್ಕನದು ಎಂದು ಈ ಭೂಮಿಯ ಮೇಲೆ ಇದ್ದದ್ದು ಆ ಅಂಗಡಿ ಒಂದೇ. ಅದು ನಿಂತಿದ್ದದ್ದು ಆ ಮುದಿ ಕಂಪ್ಯೂಟರಿನ ಮೇಲೆ.

ಆ ಪ್ರೋಗ್ರಾಮಿಗೆ ಒಂದು ಕೀಲಿಯೂ ಇತ್ತು. ಹೆಬ್ಬೆರಳಿನಷ್ಟು ತುಂಡು, ಕಂಪ್ಯೂಟರಿನ ಹಿಂದೆ ಸಿಕ್ಕಿಸಿಯೇ ಇರಬೇಕು, ಕಿತ್ತರೆ ಪ್ರೋಗ್ರಾಂ ತೆರೆಯದು. ಬೀಗದವನಾದ ನನಗೆ ಅದರ ಮೇಲೆ ಒಂದು ಬಗೆಯ ಮಮತೆ. ಅದರ ಪಕ್ಕದಲ್ಲೇ ಇಂಟರ್ನೆಟ್ ಕೇಬಲ್ ಹಾಕುವ ಕಿಂಡಿ. ಆ ಕಿಂಡಿಗೆ ಅಕ್ಕ ದಾರದ ಚೂರುಗಳನ್ನೆಲ್ಲ ಉಂಡೆ ಮಾಡಿ ಗಿಡಿದು ತುಂಬಿದ್ದಳು. ಕೆಂಪು, ಹಸಿರು, ನೀಲಿ, ಎಲ್ಲ ಸೇರಿದ ಒಂದು ಬಿರಡೆ.

"ಇದ್ಯಾಕೆ?" ಎಂದು ಒಮ್ಮೆ ಕೇಳಿದ್ದೆ.

"ನಿಮ್ಮ ಭಾವ ದಿನಾ ಊಟಕ್ಕೆ ಕೂತ್ಕೊಂಡು ಹೇಳ್ತಾರಲ್ಲ, ಹಳೇ ಕಂಪ್ಯೂಟರಿಗೆ ಅಪ್‌ಡೇಟ್ ಬಂದ್ರೆ ಏನಾಗತ್ತೆ ಅಂತ. ಕೇಳಿ ಕೇಳಿ ಕಲಿತೆ. ನನ್ನ ಕಂಪ್ಯೂಟರಿಗೆ ಆ ಗಾಳಿ ಸೋಕೋದೇ ಬೇಡ."

ಗಂಡನ ಮೂವತ್ತು ವರ್ಷದ ಸರ್ವಿಸಿನಿಂದ ಈ ಲೋಕಕ್ಕೆ ಆದ ಒಂದೇ ಒಂದು ಉಪಕಾರ ಅದು. ಅಪ್‌ಡೇಟಿನ ಬಗ್ಗೆ ಹೆಂಡತಿಗೆ ಬುದ್ಧಿ ಬಂದದ್ದು.

ಭಾವ ನಿವೃತ್ತರಾದರು. ಬೀಳ್ಕೊಡುವಾಗ ಕಚೇರಿಯವರು ಅವರನ್ನು ಹೊಗಳಿದರಂತೆ, ಹೋಗುವವರನ್ನು ಹೊಗಳಲು ಯಾರಿಗೂ ಕಷ್ಟವಿಲ್ಲ. ಮನೆಯಲ್ಲಿ ಮೊದಲು ತಮ್ಮ ಫೋನನ್ನು ಅಪ್‌ಡೇಟ್ ಮಾಡಿದರು, ಅದು ಬಿಸಿ ಹೆಂಚಾಯಿತು. ಟೀವಿಯನ್ನು ಅಪ್‌ಡೇಟ್ ಮಾಡಿದರು, ಅದು ಹಾಕಿದ ಮೇಲೆ ಮುಖ ತೊಳೆದು ಬಂದರೂ ಚಿತ್ರ ತೋರಿಸುತ್ತಿರಲಿಲ್ಲ. ಅಕ್ಕನ ಫೋನಿಗೆ ಕೈ ಹಾಕಿದರು, ಅವಳು ಅದನ್ನು ರವಿಕೆಯೊಳಗೆ ಸೇರಿಸಿದಳು. ಅಪ್‌ಡೇಟ್ ಆಗುವಂಥದ್ದು ಮನೆಯಲ್ಲಿ ಇನ್ನೇನೂ ಉಳಿಯಲಿಲ್ಲ. ಅದಕ್ಕಿಂತ ದೊಡ್ಡ ಸಂಕಟ, ನಾಳೆ ಬನ್ನಿ ಎನ್ನುವುದಕ್ಕೆ ಯಾರೂ ಬರುತ್ತಿರಲಿಲ್ಲ. ಆಗ ಅವರು ಅಂಗಡಿಗೆ ಬಂದು ಕೂರತೊಡಗಿದರು.

ಬಂದವರು ಸುಮ್ಮನೆ ಕೂರಬೇಡವೇ! ಕುರ್ಚಿಯೊಂದನ್ನು ಕಂಪ್ಯೂಟರಿನ ಪಕ್ಕಕ್ಕೇ ಎಳೆದು ಹಾಕಿಕೊಂಡು, ಅಕ್ಕನ ಭುಜದ ಮೇಲಿಂದ ಪರದೆ ನೋಡುತ್ತ, ತ್ಚು ತ್ಚು ಎಂದು ಲೊಚಗುಡುವುದು. "ಯಾವ ಕಾಲದ ಸಿಸ್ಟಮ್ಮೇ ಇದು! ಇದರಲ್ಲಿ ಕೆಲಸ ಮಾಡ್ತೀನಿ ಅಂತ ಯಾರ ಮುಂದೂ ಹೇಳ್ಬೇಡ, ನನ್ನ ಮರ್ಯಾದೆ ಹೋಗತ್ತೆ" ಎನ್ನುವುದು. ಗಿರಾಕಿಗಳ ಮುಂದೆಯೂ ಅದೇ. ಸೂಜಿಗೆ ದಾರ ಪೋಣಿಸಿ ಕೊಡಿ ಎಂದರೆ ಕಣ್ಣು ಕಾಣುವುದಿಲ್ಲ, ಕೋಟು ಮಡಿಸಿಡಿ ಎಂದರೆ ಸೊಂಟ ನೋವು. ಮೂಗು ತೂರಿಸುವುದಕ್ಕೆ ಮಾತ್ರ ಯಾವ ನೋವೂ ಇಲ್ಲ.

ಅಕ್ಕ ಒಂದೇ ಮಾತು ಹೇಳಿದ್ದಳು. "ನೋಡಿ, ಕೂತ್ಕೊಳ್ಳಿ, ಕಾಫಿ ಕುಡೀರಿ, ಏನಾದ್ರೂ ಹೇಳ್ತಿರಿ. ಆದ್ರೆ ಹಿಂದಗಡೆ ಆ ದಾರದ ಬಿರಡೆ ಇದೆಯಲ್ಲ, ಅದನ್ನ ಮುಟ್ಬೇಡಿ. ಅದನ್ನ ಮುಟ್ಟಿದ್ರೆ ನನ್ನ ಅಂಗಡಿ ಹೋಯ್ತು ಅಂತ ತಿಳ್ಕೊಳ್ಳಿ."

ಭಾವ ನಕ್ಕರು. "ಕಂಪ್ಯೂಟರ್ ವಿಷಯ ನನಗೆ ಹೇಳಿಕೊಡ್ತಾಳೆ ನೋಡಪ್ಪಾ ನಿಮ್ಮಕ್ಕ" ಎಂದು ತಡಿಕೆಯ ಈಚೆಗಿದ್ದ ನನಗೂ ಕೇಳುವಂತೆ ಹೇಳಿದರು.

ಆ ದಿನ ಅಕ್ಕನಿಗೆ ದವಡೆ ಹಲ್ಲು ಕೀಳಿಸುವುದಿತ್ತು. ಆಸ್ಪತ್ರೆಯಿಂದ ಹೊಸದಾಗಿ ಸೇರುವ ನರ್ಸುಗಳ ಕೋಟುಗಳು ಬಂದಿದ್ದವು, ಸುಮಾರು ಮುಗಿದಿದ್ದವು. ಒಂದು ಕೋಟನ್ನು ಫ್ರೇಮಿಗೆ ಬಿಗಿದು, ಹೆಸರು ಕಳಿಸಿ, ಮಷೀನು ಹಾಕಿ ಹೊರಟಳು. "ಅದು ಮುಗಿದ್ರೆ ತಾನೇ ನಿಲ್ಲತ್ತೆ, ನೀವೇನೂ ಮಾಡ್ಬೇಡಿ" ಎಂದು ಭಾವನಿಗೆ ಹೇಳಿದಳು. ಏನೂ ಮಾಡಬೇಡಿ ಎಂಬ ಕೆಲಸವನ್ನು ಜೀವಮಾನವೆಲ್ಲ ಮಾಡಿಕೊಂಡು ಬಂದ ಮನುಷ್ಯ, ಅವತ್ತೇ ಅದನ್ನು ಕೆಡಿಸಬೇಕೇ!

ಅವಳು ಹೋದ ಸ್ವಲ್ಪ ಹೊತ್ತಿಗೆ ಯಾರೋ ಮನೆಯೊಳಗೆ ಕೀಲಿ ಬಿಟ್ಟು ಬಾಗಿಲು ಎಳೆದುಕೊಂಡಿದ್ದಾರೆ ಎಂದು ಕರೆ ಬಂತು, ನಾನು ಚೀಲ ಹೆಗಲಿಗೇರಿಸಿ ಹೊರಟೆ. ಹೋಗುವಾಗ ನೋಡಿದೆ, ಭಾವ ಆಚೆಯ ಜೆರಾಕ್ಸ್ ಅಂಗಡಿಯವನ ಹತ್ತಿರ ನಿಂತು ಏನೋ ದೊಡ್ಡದಾಗಿ ಭಾಷಣ ಮಾಡುತ್ತಿದ್ದರು. ಯಾವಾಗಲೂ ಮಾಡುವಂಥದ್ದೇ ಎಂದುಕೊಂಡೆ. ಅಲ್ಲಿ ಅವರು ಒಂದು ಉದ್ದನೆಯ ಇಂಟರ್ನೆಟ್ ಕೇಬಲ್ ಬೇಡುತ್ತಿದ್ದರು.

ನಾನು ಬಾಗಿಲು ತೆಗೆದು ಕೊಟ್ಟು ವಾಪಸ್ ಬರುವಾಗ ಅಕ್ಕನ ಅಂಗಡಿಯಿಂದ ಟಕಟಕ ಕೇಳಿಸಲಿಲ್ಲ. ದಾರ ತುಂಡಾಗಿದೆ ಎಂದುಕೊಂಡೆ. ಒಳಗೆ ಇಣುಕಿದೆ. ಪರದೆ ನೀಲಿಯಾಗಿತ್ತು, ಚಕ್ರ ತಿರುಗುತ್ತಿತ್ತು. ಭಾವ ಕುರ್ಚಿಗೆ ಒರಗಿ, ಹೊಟ್ಟೆಯ ಮೇಲೆ ಕೈ ಹೆಣೆದು, ಹಸಿವು ತೀರಿದವರ ಹಾಗೆ ಕೂತಿದ್ದರು. ಮೇಜಿನ ಮೇಲೆ ಅಕ್ಕ ದಾರ ಹಿಡಿಯಲು ಇಟ್ಟುಕೊಂಡಿದ್ದ ಚಿಮಟ, ಅದರ ಪಕ್ಕದಲ್ಲಿ ಆ ಬಣ್ಣಬಣ್ಣದ ಬಿರಡೆ. ಫ್ರೇಮಿನಲ್ಲಿ ಕೋಟು ಅರ್ಧ ಹೆಸರಿನೊಂದಿಗೆ ನಿಂತಿತ್ತು, ಸೂಜಿ ಬಟ್ಟೆಯೊಳಗೇ ಚುಚ್ಚಿಕೊಂಡಿತ್ತು.

"ಭಾವ, ಏನಿದು?"

"ಸ್ಲೋ ಇತ್ತಪ್ಪ. ಎಷ್ಟು ವರ್ಷದ್ದು ಬಾಕಿ ಇತ್ತು ಗೊತ್ತಾ? ಕೇಬಲ್ ಹಾಕಿದ್ದೇ ತಡ, ಅದೇ ಕೇಳ್ತು, ಎಸ್ ಕೊಟ್ಟೆ. ನಿಮ್ಮಕ್ಕ ಬರೋ ಹೊತ್ತಿಗೆ ಹೊಸ ಸಿಸ್ಟಂ!"

ನಾನು ಕೇಬಲ್ಲಿಗೆ ಕೈ ಹಾಕಿದೆ. ಅವರು ನನ್ನ ಕೈ ಹಿಡಿದರು. "ಮಧ್ಯದಲ್ಲಿ ಕಿತ್ರೆ ಪೂರ್ತಿ ಹಾಳಾಗತ್ತೆ, ಆಮೇಲೆ ನನ್ನನ್ನ ಕೇಳ್ಬೇಡ." ಹಾಳು ಮಾಡಿ ಕೂತವರು ಹಾಳಾಗದಂತೆ ಕಾಯುತ್ತಿದ್ದರು. ನನಗೆ ಕೆನ್ನೆಗೆ ಒಂದು ಬಿಗಿಯಬೇಕು ಎನಿಸಿತು. ಅಕ್ಕನ ಗಂಡ ಎಂದು ಬಿಟ್ಟೆ.

ಅಷ್ಟರಲ್ಲಿ ಅಕ್ಕ ಬಂದಳು. ಒಂದು ಕೆನ್ನೆ ಊದಿತ್ತು, ಬಾಯೊಳಗೆ ಹತ್ತಿ ಕಚ್ಚಿಕೊಂಡಿದ್ದಳು, ಬಾಯಿ ತೆರೆಯಬಾರದು ಎಂದಿದ್ದರಂತೆ. ಬಾಗಿಲಲ್ಲೇ ನಿಂತು ಪರದೆ ನೋಡಿದಳು. ಆಮೇಲೆ ಮೇಜಿನ ಮೇಲಿನ ಬಿರಡೆ ನೋಡಿದಳು. ಅದನ್ನು ಕೈಗೆ ತೆಗೆದುಕೊಂಡು ಮುಷ್ಟಿಯೊಳಗೆ ಹಿಡಿದು ನಿಂತಳು. ಬಯ್ಯುವುದಕ್ಕೆ ಬೇಕಾದ ಬಾಯಿ ಅವಳಿಗೆ ಅವತ್ತು ಒಂದು ದಿನ ಇರಲಿಲ್ಲ, ಎಂಥ ಅದೃಷ್ಟವಂತರು ನೋಡಿ ನಮ್ಮ ಭಾವ! ಅವಳ ಕಣ್ಣಲ್ಲಿ ನೀರು ಬಂತು. ಭಾವ ಅದನ್ನು ಹಲ್ಲು ನೋವು ಎಂದು ತಿಳಿದು, "ನೋಯ್ತಿದ್ರೆ ಮಾತ್ರೆ ತಗೋ" ಎಂದರು.

ಅಪ್‌ಡೇಟ್ ಮುಗಿಯಿತು. ಪರದೆಯ ಮೇಲೆ ಹಿಮದ ಬೆಟ್ಟ, ಕೆಳಗೆ ಕೆರೆ, ಯಾವುದೋ ದೇಶದ ಚಿತ್ರ ಬಂದು ಕೂತಿತು. ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು, ಒಳಗಿನ ಫ್ಯಾನು ಗುರ್ ಎನ್ನುತ್ತಿತ್ತು. ಮೌಸ್ ಎಳೆದರೆ ಬಾಣ ಸ್ವಲ್ಪ ಹೊತ್ತು ಬಿಟ್ಟು ಹೊರಡುತ್ತಿತ್ತು. ಅಕ್ಕ ತನ್ನ ಪ್ರೋಗ್ರಾಮಿನ ಮೇಲೆ ಒತ್ತಿದಳು. ಕಾದೆವು. ಇದು ಈ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ, ಕೀಲಿ ಸಿಗುತ್ತಿಲ್ಲ ಎಂದು ಬಂತು. ಕೀಲಿ ಹಿಂದೆ ತನ್ನ ಜಾಗದಲ್ಲೇ ಇತ್ತು. ನಾನು ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಮನೆಯವಳು ಪೇಟೆಗೆ ಹೋದಾಗ ಯಾರೋ ಬಾಗಿಲಿನ ಬೀಗವನ್ನೇ ಬದಲಾಯಿಸಿಟ್ಟ ಹಾಗಾಗಿತ್ತು. ಊರಿನ ಯಾವ ಬೀಗ ತಂದರೂ ತೆಗೆಯುತ್ತೇನೆ ಎಂದು ಬೋರ್ಡು ಹಾಕಿಕೊಂಡಿರುವ ನಾನು ಪಿಳಿಪಿಳಿ ನೋಡುತ್ತ ನಿಂತೆ.

"ಮೊದಲ ಸಲ ಹಾಗೇ" ಎಂದರು ಭಾವ. "ಕಸ ತುಂಬಿದೆ. ಸ್ವಲ್ಪ ಕ್ಲೀನ್ ಮಾಡಿದ್ರೆ ಸರಸರ ಓಡತ್ತೆ." ಅಕ್ಕ ಬೇಡವೆಂದು ಕೈಯಾಡಿಸಿ, ಮುಖದ ಜುಮ್ಮು ತಾಳಲಾರದೆ ಹಿಂದಿನ ಕೋಣೆಗೆ ಹೋಗಿ ಕೂತಳು. ನಾನು ರಿಪೇರಿಯವನನ್ನು ಕರೆತರಲು ಓಡಿದೆ. ಅಷ್ಟರೊಳಗೆ ಭಾವ ಕ್ಲೀನ್ ಮಾಡಿ ಮುಗಿಸಿದ್ದರು.

ರಿಪೇರಿಯವನೂ ಏನು ಕಡಿಮೆ ಆಸಾಮಿಯಲ್ಲ. ಬಂದವನೇ ಕಂಪ್ಯೂಟರಿನ ತಲೆಯ ಮೇಲೆ ಬೆರಳಿಂದ ಕುಟ್ಟಿ, "ಇನ್ನೂ ಇಟ್ಕೊಂಡಿದೀರಾ ಇದನ್ನ!" ಎಂದು ಹಲ್ಲು ಕಿರಿದ. ಚ್ಯೂಯಿಂಗ್ ಗಮ್ ಅಗಿಯುತ್ತ ಅಲ್ಲಿ ಇಲ್ಲಿ ಒತ್ತಿದ. ಒಂದು ಕಡೆ ಅಗಿಯುವುದು ನಿಲ್ಲಿಸಿದ.

"ಅಪ್‌ಡೇಟ್ ಆದ್ಮೇಲೂ ಹಳೇದನ್ನ ಒಂದು ಕಡೆ ಎತ್ತಿಟ್ಟಿರತ್ತೆ, ಸ್ವಲ್ಪ ದಿನ. ಬೇಡ ಅಂದ್ರೆ ವಾಪಸ್ ಹೋಗ್ಬಹುದು. ಒಂದೇ ಬಟನ್ನು. ಇದರಲ್ಲಿ ಅದೇ ಇಲ್ವಲ್ಲ. ಯಾರೋ ಅಳಿಸಿದಾರೆ."

ಭಾವ ಮುಂದೆ ಬಂದರು. "ಹಳೇದು ಅಂತ ಹೆಸರಿತ್ತಪ್ಪ ಅದಕ್ಕೆ. ಎಷ್ಟೊಂದು ಜಾಗ ತಿಂತಿತ್ತು! ಅದಕ್ಕೇ ಸ್ಲೋ ಆಗಿದ್ದು ಅಂತ ತೆಗೆದು ಹಾಕಿದೆ." ಆಗಲೂ ಆ ದನಿಯಲ್ಲಿ, ಹೇಗೆ ಕಂಡುಹಿಡಿದೆ ನೋಡಿ ಎಂಬ ಜಂಬ ಇತ್ತು.

ಹಳೆಯ ಸಿಸ್ಟಮ್ಮನ್ನೇ ಮತ್ತೆ ಹೊಸದಾಗಿ ಹಾಕಲಾಗದೇ ಎಂದು ನಾನು ಕೇಳಿದೆ. ಹಾಕಬಹುದು, ಆದರೆ ಎಂಬ್ರಾಯಿಡರಿ ಪ್ರೋಗ್ರಾಮನ್ನು ಮತ್ತೆ ಹಾಕಲು ಅದರ ಡಿಸ್ಕ್ ಬೇಕು ಎಂದ. ಅಕ್ಕನಿಗೆ ಡಿಸ್ಕನ್ನು ಯಾರೂ ಕೊಟ್ಟಿರಲಿಲ್ಲ, ಕಂಪ್ಯೂಟರ್ ಕೊಂಡಾಗ ಅದು ಒಳಗೇ ಇತ್ತು. ಅವನು ಫೋನಿನಲ್ಲಿ ಹುಡುಕಿ, ಆ ಕಂಪನಿಯೇ ಮುಚ್ಚಿ ಎಷ್ಟೋ ಕಾಲವಾಗಿದೆ ಎಂದು ತೋರಿಸಿದ. ಹೊಸ ಕಂಪ್ಯೂಟರ್ ಕೊಂಡರೆ ಈ ಮಷೀನಿನ ಕೇಬಲ್ ಅದಕ್ಕೆ ಕೂರುವುದಿಲ್ಲ, ಮಷೀನೂ ಹೊಸದಾಗಬೇಕು. ಅಕ್ಕ ಬರೆದಿಟ್ಟ ಅಕ್ಷರಗಳೂ ಹೂಗಳೂ ಒಳಗೆ ಹಾಗೇ ಇದ್ದವು, ಅವುಗಳ ಹೆಸರುಗಳು ಪರದೆಯ ಮೇಲೆ ಸಾಲಾಗಿ ಕಾಣುತ್ತಿದ್ದವು. ತೆರೆಯುವುದಕ್ಕೆ ಮಾತ್ರ ಏನೂ ಇರಲಿಲ್ಲ. "ಗುಜರಿಗೆ ಹಾಕಿ, ಹೊಸದು ನಾನೇ ಕೊಡಿಸ್ತೀನಿ" ಎಂದು ಕಾರ್ಡು ಕೊಟ್ಟು ಹೋದ.

ಮಾರನೆಯ ದಿನ ಅಕ್ಕನ ಬಾಯಿಂದ ಹತ್ತಿ ಹೋಗಿತ್ತು. ಈಗ ಬೀಳುತ್ತದೆ ಭಾವನಿಗೆ ಎಂದು ನಾನು ತಡಿಕೆಗೆ ಕಿವಿ ಕೊಟ್ಟು ಕೂತೆ. ಸುಳ್ಳೇಕೆ, ಆಸೆಯಿಂದಲೇ ಕಾದೆ. ಅವಳು ಬಯ್ಯಲಿಲ್ಲ. ಕುರ್ಚಿಯನ್ನು ಕಂಪ್ಯೂಟರಿನ ಪಕ್ಕದಿಂದ ಎತ್ತಿ ತಂದು ಬಾಗಿಲ ಹತ್ತಿರದ ಕೌಂಟರಿಗೆ ಹಾಕಿದಳು.

"ಇಲ್ಲಿ ಕೂತ್ಕೊಳ್ಳಿ. ಬಂದೋರಿಗೆಲ್ಲ ನೀವೇ ಹೇಳಿ."

"ಏನಂತ?"

"ನಿಮಗೆ ಗೊತ್ತಿಲ್ವಾ ಏನು ಹೇಳ್ಬೇಕು ಅಂತ?"

ಭಾವ ಕೂತರು. ಮೊದಲು ಅವರಿಗೆ ಖುಷಿಯೇ ಆಯಿತು ಎಂದು ನನ್ನ ಲೆಕ್ಕ. ಎದುರಿಗೆ ಕೌಂಟರು, ಆಚೆ ಗಿರಾಕಿ, ಎಲ್ಲ ಹಳೆಯ ಹಾಗೇ. ಸ್ಕೂಲಿನ ಆಟದ ಮೇಷ್ಟ್ರು ಬಂದರು. ಭಾವ ಗಂಟಲು ಸರಿಮಾಡಿಕೊಂಡು, "ಸಿಸ್ಟಂ ಅಪ್‌ಡೇಟ್ ಆಗ್ತಿದೆ, ನಾಳೆ ಬನ್ನಿ" ಎಂದರು. ಮೇಷ್ಟ್ರು ಸರಿ ಎಂದು ಮೆಟ್ಟಿಲಿಳಿದು, ರಸ್ತೆ ದಾಟಿ, ಎದುರಿನ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದರು. ಭಾವನ ಮುಖದ ಮೇಲಿನ ನಗು ಹಾಗೇ ಅಂಟಿಕೊಂಡಿತ್ತು, ಏನು ಮಾಡಬೇಕೆಂದು ಅದಕ್ಕೆ ಗೊತ್ತಾಗಲಿಲ್ಲ. ಟವೆಲ್ಲಿನವರು ಬಂದರು, ಅವರೂ ದಾಟಿದರು. ಕಚೇರಿಯಲ್ಲಿ ನಾಳೆ ಬನ್ನಿ ಎಂದರೆ ಜನ ನಾಳೆ ಬರುತ್ತಿದ್ದರು. ಇಲ್ಲಿ ನಾಳೆ ಬರುವವರು ಯಾರೂ ಇರಲಿಲ್ಲ. ಭಾವ ಎರಡು ಮೂರು ಸಲ ಎದ್ದು ಹೊಸ್ತಿಲಲ್ಲಿ ನಿಂತು ರಸ್ತೆಯ ಉದ್ದಕ್ಕೂ ನೋಡಿದರು.

ಆಮೇಲೆ ಮೇಟ್ರನ್ ಬಂದರು. ನರೆತ ಕೂದಲಿನ, ಗಟ್ಟಿ ಹೆಜ್ಜೆಯ ಹೆಂಗಸು. ಕನ್ನಡಕ ದಾರದಲ್ಲಿ ಕೊರಳಿಗೆ ಜೋತು ಬಿದ್ದಿತ್ತು.

"ಕೋಟು ಆಯ್ತಾ?" ಎಂದರು ಅಕ್ಕನಿಗೆ.

ಅಕ್ಕ ಭಾವನ ಕಡೆ ಕೈ ತೋರಿಸಿದಳು. ಭಾವ ಎದ್ದು ನಿಂತರು. "ಸಿಸ್ಟಂ ಅಪ್‌ಡೇಟ್ ಆಗ್ತಿದೆ" ಎಂದರು. ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ. "ನಾಳೆ ಬನ್ನಿ."

ಮೇಟ್ರನ್ ಕನ್ನಡಕ ಏರಿಸಿ ಅವರನ್ನೇ ನೋಡಿದರು. "ನೀವು ಪಿಂಚಣಿ ಕಚೇರೀಲಿ ಇದ್ರಿ ಅಲ್ವಾ? ಕಿಟಕಿ ಪಕ್ಕದ ಕೌಂಟರು?"

ಭಾವನ ಮುಖ ಅರಳಿತು. ನಿವೃತ್ತರಾದ ಮೇಲೆ ಅವರನ್ನು ಗುರುತು ಹಿಡಿದ ಮೊದಲ ಮನುಷ್ಯರು. "ಹೌದು ಹೌದು! ಕಂಪ್ಯೂಟರ್ ಪೂರ್ತಿ ನನ್ನ ಜವಾಬ್ದಾರಿ ಅಲ್ಲಿ."

"ನಮ್ಮಮ್ಮನ ಪಿಂಚಣಿಗೆ ಬರ್ತಿದ್ದೆ. ರಾತ್ರಿ ಪಾಳಿ ಮುಗಿಸ್ಕೊಂಡು, ಮನೆಗೂ ಹೋಗದೆ ನೇರ ನಿಮ್ಮ ಸಾಲಿಗೆ. ಇದೇ ಮಾತು ಹೇಳ್ತಿದ್ರಿ ನೀವು. ಮಾರನೇ ದಿನ ಬಂದ್ರೂ ಇದೇ. ಅಮ್ಮ ಹೋದ್ರು, ಆಮೇಲೆ ಬರೋದು ಬಿಟ್ಟೆ."

ಭಾವ ಕೂರಲು ಕೈಯಿಂದ ಹಿಂದೆ ಕುರ್ಚಿ ತಡಕಿದರು.

"ಅವಾಗ ಊರಲ್ಲಿ ಇನ್ನೊಂದು ಪಿಂಚಣಿ ಕಚೇರಿ ಇರ್ಲಿಲ್ಲ, ಅದಕ್ಕೇ ನಾಳೆ ಬರ್ತಿದ್ದೆ. ಈಗ ಎದುರಿಗೇ ಅಂಗಡಿ ಇದೆಯಲ್ಲ." ಆಮೇಲೆ ಅಕ್ಕನ ಕಡೆ ತಿರುಗಿ ದನಿ ಇಳಿಸಿದರು. "ಬೇಜಾರು ಮಾಡ್ಕೋಬೇಡಮ್ಮ. ನಿನ್ನ ಅಕ್ಷರ ಅಲ್ಲಿ ಬರಲ್ಲ, ನಂಗೊತ್ತು. ಆದ್ರೆ ಹುಡುಗೀರು ಸೋಮವಾರ ಕೆಲಸಕ್ಕೆ ಸೇರ್ತಾರೆ. ಹೆಸರಿಲ್ದೆ ವಾರ್ಡಿಗೆ ಕಳಿಸೋಕಾಗಲ್ಲ."

"ಪರವಾಗಿಲ್ಲ ಮೇಡಂ, ತಗೊಂಡು ಹೋಗಿ" ಎಂದಳು ಅಕ್ಕ. ಮುಗಿದ ಕೋಟುಗಳನ್ನೂ ಮುಗಿಯದ ಕೋಟುಗಳನ್ನೂ ಬೇರೆ ಬೇರೆ ಕಟ್ಟಿಕೊಟ್ಟಳು. "ಒಂದು ಮಾತ್ರ ಅರ್ಧ ಹೆಸರಲ್ಲಿ ನಿಂತಿದೆ. ಅದನ್ನ ಬಿಚ್ಚಿ ಇವತ್ತೇ ಆ ಅಂಗಡಿಗೆ ಮುಟ್ಟಿಸ್ತೀನಿ." ಮೇಟ್ರನ್ ಅವಳ ಊದಿದ ಕೆನ್ನೆಯನ್ನು ಒಮ್ಮೆ ನೋಡಿ, ಉಪ್ಪುನೀರು ಮುಕ್ಕಳಿಸು ಎಂದು ಹೇಳಿ, ಗಂಟು ಎತ್ತಿಕೊಂಡು ರಸ್ತೆ ದಾಟಿದರು.

ನನಗೆ ಸಂತೋಷವಾಗಬೇಕಿತ್ತು. ಜೀವಮಾನವೆಲ್ಲ ನಾನು ಭಾವನಿಗೆ ಹೇಳಬೇಕೆಂದಿದ್ದ ಮಾತನ್ನು ಬೇರೆ ಯಾರೋ ಅವರ ಮುಖಕ್ಕೇ ಹೇಳಿಹೋಗಿದ್ದರು. ಆದರೆ ಏಟು ಬಿದ್ದದ್ದು ಯಾರಿಗೆ? ಪಾಪ ಮಾಡಿದವರು ಪಿಂಚಣಿ ತೆಗೆದುಕೊಂಡು ಹಾಯಾಗಿದ್ದಾರೆ, ಅಂಗಡಿ ಹೋದದ್ದು ಅಕ್ಕನದು.

ಅಕ್ಕ ಫ್ರೇಮಿನಿಂದ ಕೋಟು ಬಿಡಿಸಿ ತಂದು ಭಾವನ ತೊಡೆಯ ಮೇಲೆ ಹಾಕಿದಳು. ಕೈಗೆ ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ ಕೊಟ್ಟಳು. "ಒಳಗಡೆಯಿಂದ ಬಿಚ್ಚಿ. ಬಟ್ಟೆಗೆ ತಾಗ್ಬಾರದು."

ಕಣ್ಣು ಕಾಣುವುದಿಲ್ಲ ಎಂದು ಭಾವ ಹೇಳಲಿಲ್ಲ. ಕೋಟನ್ನು ಮಗುಚಿ, ಮೂಗಿನ ಹತ್ತಿರ ಹಿಡಿದು, ಒಂದೊಂದೇ ಹೊಲಿಗೆ ಕೊಕ್ಕೆಗೆ ಸಿಕ್ಕಿಸಿ ಎಳೆಯತೊಡಗಿದರು. ಅಕ್ಕ ಹಾಕಿದ ಹೊಲಿಗೆ, ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಬೆರಳಿಗೆ ಎರಡು ಸಲ ಚುಚ್ಚಿಕೊಂಡರು. ಬೆವರು ಬಂತು. ನಾನು ಅವರು ಬೆವರಿದ್ದನ್ನು ನೋಡಿದ್ದು ಅದೇ ಮೊದಲು. ಒಂದು ಅಕ್ಷರ ಹೋಗುವಷ್ಟರಲ್ಲಿ ಮಧ್ಯಾಹ್ನ ಇಳಿಯಿತು.

ಅಕ್ಕ ಹಿಂದಿನಿಂದ ಬಂದು ನೋಡಿದಳು. "ಎಷ್ಟು ಪರ್ಸೆಂಟ್ ಆಯ್ತು?" ಎಂದಳು. ಅವಳು ಗಂಡನನ್ನು ಚುಚ್ಚಿ ಆಡಿದ ಮಾತು ನಾನು ಕೇಳಿದ್ದು ಅವತ್ತೊಂದು ದಿನವೇ. ಭಾವ ತಲೆ ಇನ್ನಷ್ಟು ತಗ್ಗಿಸಿದರು.

ಕೊನೆಗೆ ಹೆಸರು ಹೋಯಿತು. ಸೂಜಿ ಹಾದ ತೂತುಗಳು ಮಾತ್ರ ಸಾಲಾಗಿ ಉಳಿದವು. ಅಕ್ಕ ಬಟ್ಟೆಯನ್ನು ಉಗುರಿನಿಂದ ಉಜ್ಜಿ ಉಜ್ಜಿ ಅವನ್ನು ಮುಚ್ಚಿ, ಇಸ್ತ್ರಿ ಹಾಕಿ, ಮಡಿಸಿ ಭಾವನ ಕೈಗೆ ಕೊಟ್ಟು, "ಕೊಟ್ಟು ಬನ್ನಿ" ಎಂದಳು.

ಭಾವ ಕೋಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆ ದಾಟಿದರು. ಗಾಜಿನ ಆಚೆ ಅವರು ಸಾಲಿನಲ್ಲಿ ನಿಂತದ್ದು ಕಾಣುತ್ತಿತ್ತು. ಅವರ ಮುಂದೆ, ಬೆಳಿಗ್ಗೆ ಕೊಟ್ಟದ್ದನ್ನು ಒಯ್ಯಲು ಬಂದ ಆಟದ ಮೇಷ್ಟ್ರಿದ್ದರು. ಇಲ್ಲಿ ಅಕ್ಕ ಮಷೀನಿನ ಮೇಲಿನ ದಾರದ ಉಂಡೆಗಳನ್ನು ಒಂದೊಂದಾಗಿ ತೆಗೆದು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು, ಕೆಂಪು ಕೆಂಪಿನ ಜೊತೆ, ನೀಲಿ ನೀಲಿಯ ಜೊತೆ. ಕೋಟಿನ ಜಿಪ್ಪು ಬದಲಾಯಿಸುವುದು, ಪ್ಯಾಂಟಿನ ಅಂಚು ಮಡಿಸುವುದು ಇಂಥದ್ದನ್ನು ಮಾಡಿಕೊಂಡಿರುತ್ತೇನೆ ಎಂದಳು. ನಾನೋ, ಬಂದ ಕೂಡಲೇ ಭಾವನಿಗೆ ಹಾಕಲೆಂದು ಒಂದು ಒಳ್ಳೆಯ ಏಟಿನ ಮಾತನ್ನು ಸಿದ್ಧಮಾಡಿಕೊಂಡು ಬಾಗಿಲಲ್ಲಿ ಕಾದಿದ್ದೆ.

ಭಾವ ಕೋಟನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಬಂದರು. ಒಳಗೆ ಬರದೆ ಹೊಸ್ತಿಲ ಆಚೆಯೇ ನಿಂತರು. ಅಕ್ಕ ತಲೆ ಎತ್ತದೆ ಕೇಳಿದಳು.

"ಏನಂದ್ರು? ನಾಳೆ ಬನ್ನಿ ಅಂದ್ರಾ?"

"ಇಲ್ಲ" ಎಂದರು ಭಾವ. ತಿರುಗಿ ಎದುರಿನ ಗಾಜಿನ ಬಾಗಿಲನ್ನು ನೋಡಿದರು. "ಎರಡು ನಿಮಿಷ ಕೂತ್ಕೊಳ್ಳಿ, ಈಗ್ಲೇ ಮಾಡಿಕೊಡ್ತೀವಿ ಅಂದ್ರು."